ಡೆಟ್ರಾಯಿಟ್‌ನಲ್ಲಿ ಸಿಬಿಎಸ್ 62ನೇ ಚಾನೆಲ್‌ನಲ್ಲಿ ಯಾಕಿದೆ?

ಪ್ರಶ್ನೆ: ನ್ಯೂಯಾರ್ಕ್, ಚಿಕಾಗೋದಲ್ಲಿ ಅಮೆರಿಕದ ಟಿವಿ ನೆಟ್‌ವರ್ಕ್ ಸಿಬಿಎಸ್ 2ನೇ ಚಾನೆಲ್. ಡೆಟ್ರಾಯಿಟ್‌ನಲ್ಲಿ ಮಾತ್ರ 62. ಯಾಕೆ?

ಉತ್ತರ 1: ಎಲ್ಲಾ ಅಮೆರಿಕನ್ ಫುಟ್‌ಬಾಲ್‌ನಿಂದ. 1993ರ ಕೊನೆಯಲ್ಲಿ ಎನ್‌ಎಫ್‌ಸಿ (ಎನ್‌ಎಫ್‌ಎಲ್ ಲೀಗ್‌ನ ಎರಡು ಗುಂಪುಗಳಲ್ಲಿ ಒಂದು) ಪಂದ್ಯಗಳ ಪ್ರಸಾರದ ಹಕ್ಕು ಸಿಬಿಎಸ್ ಕೈತಪ್ಪಿ ಇನ್ನೊಂದು ನೆಟ್‌ವರ್ಕ್ ಫಾಕ್ಸ್‌ಗೆ ಹೋಯಿತು. ಮರುವರ್ಷ ನ್ಯೂ ವರ್ಲ್ಡ್ ಕಂಪನಿ ತನ್ನ ಬಹಳಷ್ಟು ಸ್ಥಳೀಯ ಟಿವಿ ಸ್ಟೇಷನ್‌ಗಳನ್ನು ಫಾಕ್ಸ್ ಕಡೆ ತಿರುಗಿಸಿತು, ಅದರಲ್ಲಿ ಅಲ್ಲಿಯವರೆಗೆ ಸಿಬಿಎಸ್ ಕಾರ್ಯಕ್ರಮ ತೋರಿಸುತ್ತಿದ್ದ ಡೆಟ್ರಾಯಿಟ್‌ನ 2ನೇ ಚಾನೆಲ್ ಡಬ್ಲ್ಯುಜೆಬಿಕೆ ಕೂಡ ಇತ್ತು, ಅಲ್ಲಿಗೆ ಸಿಬಿಎಸ್‌ಗೆ ಆ ಊರಲ್ಲಿ ನೆಲೆಯೇ ಇಲ್ಲದಂತಾಯಿತು. ಕೊನೆಗೆ ಅದು ಡಬ್ಲ್ಯುಜಿಪಿಆರ್ ಅನ್ನೋ ಸಣ್ಣ ಸ್ಟೇಷನ್ ಕೊಂಡುಕೊಂಡಿತು. ಅದೇ 62.

ಉತ್ತರ 2: ಆ ಸ್ಟೇಷನ್ ಸುಮ್ನೆ ಸಣ್ಣದು ಅಂದುಬಿಡಬೇಡಿ. 1975ರಲ್ಲಿ ಶುರುವಾಯಿತು, ಅಮೆರಿಕದ ಮುಖ್ಯ ಭೂಭಾಗದಲ್ಲಿ ಕಪ್ಪು ಜನರ ಒಡೆತನದ ಮೊದಲ ಟಿವಿ ಸ್ಟೇಷನ್ ಅದು! ಮಾರಾಟವಾದಾಗ ಆ ಸಮುದಾಯದವರಿಗೆ ಬೇಜಾರಾಗಿದ್ದು ನ್ಯಾಯವೇ ಅಲ್ವಾ?

ಪ್ರಶ್ನೆ ಕೇಳಿದವರು: ಹಾಗಾದ್ರೆ ಡೆಟ್ರಾಯಿಟ್‌ನ ಫುಟ್‌ಬಾಲ್ ತಂಡ ಲಯನ್ಸ್ ಮ್ಯಾಚ್ ಯಾವುದರಲ್ಲಿ?

ಉತ್ತರ 1: ಅದೂ ಎನ್‌ಎಫ್‌ಸಿ ತಂಡವೇ, ಹಾಗಾಗಿ ಜಾಸ್ತಿ ಮ್ಯಾಚ್ ಫಾಕ್ಸ್‌ನಲ್ಲಿ, ಅಂದ್ರೆ 2ರಲ್ಲೇ.