ಸಹಾಯ ಬೇಕು: ಬೆಕ್ಕಿದ್ದ ಮನೆಗೆ ಅಲರ್ಜಿ ಇರುವವರು ಬಾಡಿಗೆಗೆ ಬರುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ನಮ್ಮ ಮನೆಯ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುತ್ತೇವೆ. ಹಿಂದೆ ಇದ್ದವರು ಬೆಕ್ಕು ಸಾಕಿದ್ದರು. ಒಳ್ಳೆಯ ಜನ, ಬೆಕ್ಕೂ ಪಾಪದ್ದೇ. ಈಗ ಬರಲಿರುವವರ ಮಗಳಿಗೆ ಬೆಕ್ಕಿನ ಅಲರ್ಜಿ, ಜೊತೆಗೆ ಉಬ್ಬಸ. ಮನೆ ಇಷ್ಟವಾಗಿದೆ, ಆದರೆ ಅಡ್ವಾನ್ಸ್ ಕೊಡುವ ಮೊದಲು ಚೆನ್ನಾಗಿ ಕ್ಲೀನ್ ಮಾಡಿಸಿ ಅಂದಿದ್ದಾರೆ.

ಸುಮ್ನೆ ಗುಡಿಸಿ ಒರೆಸಿದರೆ ಮುಗಿಯುವ ಕೆಲಸ ಅಲ್ಲ ಇದು. ಅಲರ್ಜಿ ಬರುವುದು ಬೆಕ್ಕಿನ ಎಂಜಲು, ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನ್‌ನಿಂದ. ಬೆಕ್ಕು ಹೋದ ಮೇಲೂ ಅದು ಸೋಫಾ, ಪರದೆ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಮಾನ್ಯ ವ್ಯಾಕ್ಯೂಮ್ ಸಣ್ಣ ಕಣಗಳನ್ನು ಮತ್ತೆ ಗಾಳಿಗೇ ಬಿಡಬಹುದು, ತೀರಾ ಸಣ್ಣ ಕಣಗಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವುದೇ ಬೇಕು. ಮೇಲಾಗಿ ನಮ್ಮ ಮಳೆಗಾಲ! ಕಿಟಕಿ ತೆರೆದರೆ ಮಂಜು ಒಳಗೆ, ಮುಚ್ಚಿದರೆ ಗೋಡೆಗೆ ಬೂಷ್ಟು. ಬೂಷ್ಟಿನಿಂದಲೂ ಉಬ್ಬಸ ಜಾಸ್ತಿ ಆಗುತ್ತದೆ ಅಲ್ವಾ? ಪರದೆ ಒಗೆದರೂ ಒಣಗಿಸೋದು ಎಲ್ಲಿ?

ಹೆಪಾ ವ್ಯಾಕ್ಯೂಮ್ ತಂದು ಕ್ಲೀನ್ ಮಾಡುವವರು ಮಡಿಕೇರಿ, ಕುಶಾಲನಗರ ಕಡೆ ಯಾರಾದರೂ ಇದ್ದಾರಾ? ಹಳೇ ಸೋಫಾ ತೆಗೆದುಬಿಡೋದೇ ಒಳ್ಳೆಯದು ಅಂತ ನನಗೆ ಅನಿಸುತ್ತದೆ, ನಮ್ಮ ಮನೆಯವರು ಒಪ್ಪುತ್ತಿಲ್ಲ. ಖರ್ಚನ್ನು ಹಿಂದಿನವರ ಅಡ್ವಾನ್ಸಿನಲ್ಲಿ ಹಿಡಿಯುವ ಮನಸ್ಸಿಲ್ಲ. ಬೆಕ್ಕಿಗೆ ಒಪ್ಪಿಯೇ ಮನೆ ಕೊಟ್ಟಿದ್ದೆವು.

ಇನ್ನೊಂದು, 11 ತಿಂಗಳ ಕರಾರಿನಲ್ಲಿ ಸಾಕುಪ್ರಾಣಿ ಬಗ್ಗೆ ನೀವೆಲ್ಲ ಏನು ಬರೆಸುತ್ತೀರಿ? ಮಾದರಿ ಇದ್ದರೆ ಕಳಿಸಿ. ಕೆಳಗೆ ನಮ್ಮ ನಾಯಿ ಇರುವುದನ್ನೂ ಅವರಿಗೆ ಹೇಳಿದ್ದೇನೆ. ರೂಮ್ ಫ್ರೆಶ್ನರ್ ಹೊಡೆಯಿರಿ ಅನ್ನುವ ಸಲಹೆ ಮಾತ್ರ ಬೇಡ, ಕೆಲವರಿಗೆ ಆ ವಾಸನೆಗೇ ಉಬ್ಬಸ ಬರುತ್ತದೆ.