ಕಾಲುವೆ ಪಕ್ಕದ ಮನೆಗಳು ನಕ್ಷೆಯಲ್ಲೇ ಇಲ್ಲ! ಆಕ್ಷೇಪಣೆ ಸಲ್ಲಿಸೋಣವೇ?

ಮನೆ 12 (ಕಾರ್ಯದರ್ಶಿ): ಎಲ್ಲರಿಗೂ ನಮಸ್ಕಾರ. ನಮ್ಮ ರಸ್ತೆ ಅಗಲೀಕರಣದ ಕರಡು ನಕ್ಷೆಯನ್ನು ಈ ಗುಂಪಿನಲ್ಲಿ ಹಾಕಿದ್ದೇನೆ. ಸ್ವಲ್ಪ ದೊಡ್ಡದು ಮಾಡಿ ನೋಡಿ. ಕಾಲುವೆ ಪಕ್ಕದ ಪಟ್ಟಿಗೆ ಹಸಿರು ಬಳಿದು ‘ಖಾಲಿ ಜಾಗ’ ಅಂತ ಬರೆದಿದ್ದಾರೆ. ಅಲ್ಲಿ ಸಾಲಾಗಿ ಮನೆಗಳಿವೆ. ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಎಷ್ಟೋ ಜನ ಅಲ್ಲಿಯವರೇ. ಆಕ್ಷೇಪಣೆಗೆ ಇನ್ನೂ ಸಮಯ ಇದೆ.

ಮನೆ 7: ರಸ್ತೆ ಬೇಕು ಅಂತ ಅರ್ಜಿ ಕೊಟ್ಟವರು ನಾವೇ ಅಲ್ವಾ? ಈಗ ನಾವೇ ಅಡ್ಡ ಹಾಕಿದರೆ ಹೇಗೆ? ಅವರ ಹತ್ತಿರ ಕಾಗದಪತ್ರವೂ ಇಲ್ಲ.

ಮನೆ 31 (ವಕೀಲರು): ಕಾಗದ ಇಲ್ಲ ಅಂತ ಸುಮ್ನೆ ಎಬ್ಬಿಸೋಕಾಗಲ್ಲ ಸರ್. ವಿಶ್ವಸಂಸ್ಥೆಯ 1966ರ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿಯಲ್ಲೇ ವಸತಿ ಹಕ್ಕು ಇದೆ. ಬಾಡಿಗೆ ಮನೆಯಾಗಲಿ, ಸ್ವಂತದ್ದಾಗಲಿ, ಕಾಗದವಿಲ್ಲದ ಗುಡಿಸಲಾಗಲಿ, ಬಲವಂತದ ತೆರವಿನಿಂದ ಕಾನೂನಿನ ರಕ್ಷಣೆ ಇರಬೇಕು ಅಂತ ವಿಶ್ವಸಂಸ್ಥೆಯ ಸಮಿತಿ 1991ರಲ್ಲಿ ಬಿಡಿಸಿ ಹೇಳಿತು. 1997ರಲ್ಲಿ ತೆರವಿನ ಬಗ್ಗೆಯೇ ಅದೇ ಸಮಿತಿಯ ಇನ್ನೊಂದು ವಿವರಣೆ ಬಂತು. ಮೊದಲು ಅಲ್ಲಿನವರ ಜೊತೆ ಮಾತುಕತೆ, ಮುಂಚಿತವಾಗಿ ನೋಟಿಸ್, ರಾತ್ರಿ ಹೊತ್ತು ಕೆಡವುವ ಹಾಗಿಲ್ಲ, ಯಾರೂ ಬೀದಿಗೆ ಬೀಳಬಾರದು. ಈ ನಕ್ಷೆಯಲ್ಲಿ ಅವರು ಇಲ್ಲವೇ ಇಲ್ಲ. ಇಲ್ಲದವರಿಗೆ ನೋಟಿಸ್ ಯಾರು ಕೊಡುತ್ತಾರೆ?

ಮನೆ 7: ಬೇರೆ ಕಡೆ ಮನೆ ಕಟ್ಟಿ ಕೊಡುತ್ತಾರಂತಲ್ಲ.

ಮನೆ 31 (ವಕೀಲರು): ಎಲ್ಲಿ? ಊರಾಚೆ ಗಟ್ಟಿ ಗೋಡೆ ಕೊಟ್ಟು ಇಲ್ಲಿನ ಕೆಲಸ ಕಿತ್ತುಕೊಂಡರೆ ಏನು ಬಂತು? ಮನೆಗೆ ಕೆಲಸ, ಶಾಲೆ, ಆಸ್ಪತ್ರೆ ಹತ್ತಿರ ಇರಬೇಕು ಅನ್ನುವುದೂ 1991ರದ್ದೇ ಮಾತು.

ಮನೆ 20, ಮೇಲಿನ ಮಹಡಿ: ನಾನು ಬಾಡಿಗೆಗೆ ಇರುವವಳು. ಸಭೆಗೆ ಮಾಲೀಕರನ್ನು ಮಾತ್ರ ಕರೆಯುತ್ತೀರಿ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಕ್ಷೇಪಣೆಯಲ್ಲಿ ನಮ್ಮ ಸಹಿಯೂ ಇರಲಿ. ಸಭೆ ಮಾತ್ರ ಮಹಡಿ ಮೇಲಿನ ಹಾಲ್‌ನಲ್ಲಿ ಬೇಡ, ವೀಲ್‌ಚೇರ್‌ನಲ್ಲಿರುವವರು ಹತ್ತಲಾರರು. ಕೆಲಸದ ದಿನ ಬೆಳಿಗ್ಗೆ ಇಟ್ಟರೆ ಕಾಲುವೆ ಕಡೆಯವರು ಬರೋಕಾಗಲ್ಲ.

ಮನೆ 12 (ಕಾರ್ಯದರ್ಶಿ): ಸರಿ ಮೇಡಂ. ಭಾನುವಾರ ಸಂಜೆ, ಪಾರ್ಕ್ ಗೇಟ್ ಹತ್ತಿರ. ಅಲ್ಲಿನ ಇಬ್ಬರ ನಂಬರ್ ಇದೆ, ಅವರು ಒಪ್ಪಿದರೆ ಈ ಗುಂಪಿಗೇ ಸೇರಿಸುತ್ತೇನೆ. ಅವರ ಬಗ್ಗೆ ಅವರಿಲ್ಲದೆ ಬರೆಯುವುದು ಬೇಡ. ಇನ್ನೊಂದು ವಿಷಯ. ರಸ್ತೆ ನಮ್ಮ ಸಾಲಿನ ಮುಂದೆ ಬಂದಾಗ ಕಾಲುವೆ ಕಡೆಗೆ ವಾಲುತ್ತದೆ, ಗಮನಿಸಿದಿರಾ? ಕಾಂಪೌಂಡ್ ಆಚೆ ಚಾಚಿದ ಕೈತೋಟ, ಕಾರ್ ಶೆಡ್ ತೆಗೆದರೆ ರಸ್ತೆ ನೇರವಾಗಿಯೇ ಹೋಗಬಹುದೇನೋ.

ಮನೆ 7: ನನ್ನ ಶೆಡ್ ಬಗ್ಗೆ ಹೇಳುತ್ತಿದ್ದೀರಾ?

ಮನೆ 12 (ಕಾರ್ಯದರ್ಶಿ): ನಿಮ್ಮದೊಂದೇ ಅಲ್ಲ ಸರ್, ಇಡೀ ಸಾಲಿನದು.

ಮನೆ 7: ಅಂದಾಜಿನ ಮೇಲೆ ಬರೆಯಬೇಡಿ. ಭಾನುವಾರ ಟೇಪ್ ನಾನೇ ತರುತ್ತೇನೆ. ಎರಡೂ ಕಡೆ ಅಳೆಯೋಣ, ಆಮೇಲೆ ಸಹಿ ಮಾತು.