ಎಳೆಯ ನಕ್ಷತ್ರಗಳ ರೇಡಿಯೊ ಫ್ಲೇರ್: ಈ ಪೋಸ್ಟ್‌ಡಾಕ್‌ಗೆ ಅರ್ಜಿ ಹಾಕಲೇ? ಅನುಭವ ಇದ್ದವರು ಹೇಳಿ

ವಿಜಯಪುರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೂರ್ಯನ ರೇಡಿಯೊ ಸ್ಫೋಟಗಳ ಮೇಲೆ ಪಿಎಚ್‌ಡಿ ಮುಗಿಸಿದ್ದೇನೆ. ಗೌರಿಬಿದನೂರಿನ ರೇಡಿಯೊ ದೂರದರ್ಶಕದ ಡೇಟಾ ಬಳಸಿದ್ದೆ. ಈಗ ಇಲ್ಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಯುರೋಪಿನ ಒಂದು ಸಂಸ್ಥೆ ಎರಡು ವರ್ಷದ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ) ಅರ್ಜಿ ಕರೆದಿದೆ. ಎಳೆಯ ನಕ್ಷತ್ರಗಳಿಂದ ಬರುವ ರೇಡಿಯೊ ಫ್ಲೇರ್‌ಗಳನ್ನು (ಹಠಾತ್ ಸ್ಫೋಟಗಳು) ವಿಎಲ್‌ಎ (ಅಮೆರಿಕದ ರೇಡಿಯೊ ದೂರದರ್ಶಕ), ಆಲ್ಮಾ (ಚಿಲಿಯಲ್ಲಿರುವ ಮಿಲಿಮೀಟರ್ ಅಲೆಯ ದೂರದರ್ಶಕ) ಡೇಟಾದಲ್ಲಿ ಹುಡುಕುವ ಕೆಲಸ. ನಾನು ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರ ಮುಟ್ಟಿಲ್ಲ. ನನ್ನಂಥವರನ್ನು ತಗೋತಾರಾ? ಅರ್ಜಿಯಲ್ಲಿ ಏನು ಬರೆಯಬೇಕು? ಮನೆಯಲ್ಲಿ "ಪಿಎಚ್‌ಡಿ ಆತಲ್ಲ, ಇನ್ನೂ ಎಷ್ಟ ಓದತಿ?" ಅಂತ ಕೇಳುತ್ತಾರೆ. ವಾಪಸ್ ಬಂದರೆ ಇಲ್ಲಿ ಕೆಲಸಕ್ಕೆ ಇದು ಲೆಕ್ಕಕ್ಕೆ ಬರುತ್ತಾ?

ಬೆಳಗಾವಿಯಿಂದ

ಹಾಕಿ. ನಾನು ಇದೇ ವಿಷಯದಲ್ಲಿ ಹೊರದೇಶದಲ್ಲಿ ಪೋಸ್ಟ್‌ಡಾಕ್ ಮಾಡಿ ಬಂದವನು. ನಮ್ಮ ಗುಂಪಿನಲ್ಲಿ ಫ್ಲೇರ್ ಅಂದರೆ ಏನು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಸೂರ್ಯನ ಮೇಲೆ ಕೆಲಸ ಮಾಡಿ ಬಂದವರಿಗೇ. ಕಾಂತಕ್ಷೇತ್ರದ ಗೆರೆಗಳು ತಿರುಚಿಕೊಂಡು, ಕಡಿದು, ಮತ್ತೆ ಬೇರೆ ರೀತಿ ಕೂಡಿಕೊಳ್ಳುವಾಗ ಶಕ್ತಿ ಹೊರಬೀಳುವುದು ಅಲ್ಲೂ ಇಲ್ಲೂ ಒಂದೇ. ಎಳೆಯ ನಕ್ಷತ್ರದಲ್ಲಿ ಅದರ ಪ್ರಮಾಣ ಬಹಳ ದೊಡ್ಡದು, ಅಷ್ಟೇ.

ಆದರೆ ಒಂದು ವ್ಯತ್ಯಾಸ ಇದೆ. ಅದನ್ನು ಅರ್ಜಿಯಲ್ಲೇ ಬರೆಯಿರಿ. ಗೌರಿಬಿದನೂರಿನ ಕಡಿಮೆ ಆವರ್ತನದಲ್ಲಿ ನೀವು ನೋಡಿದ್ದು ಹೆಚ್ಚಾಗಿ ಪ್ಲಾಸ್ಮಾ ಎಮಿಷನ್ (ಬಿಸಿ ಅನಿಲದ ಎಲೆಕ್ಟ್ರಾನ್‌ಗಳು ಒಟ್ಟಿಗೆ ತೂಗಾಡಿ ಹೊಮ್ಮಿಸುವ ಅಲೆ) ಇರಬೇಕು. ವಿಎಲ್‌ಎ ನೋಡುವ ಗಿಗಾಹರ್ಟ್ಸ್‌ಗಳಲ್ಲಿ ಗೈರೊಸಿಂಕ್ರೊಟ್ರಾನ್ ಮುಖ್ಯ. ಅಂದರೆ ಕಾಂತಕ್ಷೇತ್ರದ ಗೆರೆಗಳ ಸುತ್ತ ಸುರುಳಿ ಸುತ್ತುವ ವೇಗದ ಎಲೆಕ್ಟ್ರಾನ್‌ಗಳ ಅಲೆ. ಸೂರ್ಯನಲ್ಲಿ ಎರಡನ್ನೂ ಬಲ್ಲವಳು, ಇಲ್ಲಿ ಯಾವುದು ಯಾಕೆ ಕಾಣುತ್ತದೆ ಅಂತ ಕೇಳುತ್ತೇನೆ ಅಂತ ನಾಲ್ಕು ಸಾಲು ಬರೆದರೆ ಓದುವವರು ನಿಮ್ಮ ಅರ್ಜಿಯನ್ನು ಆಯ್ಕೆಗೆ ಅಂತ ತೆಗೆದಿಡುತ್ತಾರೆ.

ಈ ಕ್ಷೇತ್ರದ ಒಂದು ಘಟನೆ ಓದಲೇಬೇಕು. 2003ರ ಜನವರಿಯಲ್ಲಿ ಓರಿಯನ್ ನೆಬ್ಯುಲಾ ಅನ್ನುವ, ನಕ್ಷತ್ರಗಳು ಹುಟ್ಟುವ ಅನಿಲ ಮೋಡದ ಒಂದು ಎಳೆಯ ನಕ್ಷತ್ರ, ಜಿಎಂಆರ್-ಎ, ಮಿಲಿಮೀಟರ್ ಅಲೆಯಲ್ಲಿ ಕೆಲವೇ ಗಂಟೆಗಳಲ್ಲಿ ಹಲವು ಪಟ್ಟು ಪ್ರಖರವಾಯಿತು. ಅದೇ ದಿನಗಳಲ್ಲಿ ಚಂದ್ರಾ ಎಂಬ ಬಾಹ್ಯಾಕಾಶದ ಎಕ್ಸ್‌ರೇ ದೂರದರ್ಶಕ ಓರಿಯನ್ ಕಡೆಗೇ ನೆಟ್ಟಿತ್ತು. ಎಕ್ಸ್‌ರೇಯಲ್ಲೂ ಅದು ಜೋರಾಗಿದ್ದು ದಾಖಲಾಯಿತು. ಅಂಥ ಕಾಕತಾಳೀಯ ಮತ್ತೆ ಮತ್ತೆ ಸಿಗಲ್ಲ. ಹಾಗಾಗಿಯೇ ಈಗ ರೇಡಿಯೊ, ಎಕ್ಸ್‌ರೇ ಎರಡನ್ನೂ ಒಟ್ಟಿಗೆ ನೋಡುವ ಯೋಜನೆ ಹಾಕುತ್ತಾರೆ. ಫ್ಲೇರ್‌ನ ಎಕ್ಸ್‌ರೇ ನಕ್ಷತ್ರದ ಸುತ್ತಲಿನ ತಟ್ಟೆಯ ಅನಿಲವನ್ನು ಅಯಾನು ಮಾಡುತ್ತದೆ. ಆ ತಟ್ಟೆಯಲ್ಲೇ ಗ್ರಹಗಳು ಹುಟ್ಟುವುದು. ನನಗೆ ಈ ವಿಷಯ ಹಿಡಿಸಿದ್ದೇ ಇದಕ್ಕೆ.

ಈಗ ನಿಜವಾದ ಸಲಹೆ. ಅರ್ಜಿ ಕಳಿಸುವ ಮೊದಲು ನಿಮ್ಮ ಕೈಯಾರೆ ಒಂದು ಲೈಟ್ ಕರ್ವ್ (ಕಾಲದ ಜೊತೆ ಪ್ರಖರತೆ ಹೇಗೆ ಬದಲಾಯಿತು ಅನ್ನುವ ನಕ್ಷೆ) ಮಾಡಿ. ವಿಎಲ್‌ಎ ಡೇಟಾ ಸಾಮಾನ್ಯವಾಗಿ 12 ತಿಂಗಳ ನಂತರ ಎಲ್ಲರಿಗೂ ತೆರೆದಿರುತ್ತದೆ. ಆ ಡೇಟಾ ಸಂಸ್ಕರಿಸುವ ಕಾಸಾ ತಂತ್ರಾಂಶ ಉಚಿತ. ಮೊದಲು ಇಡೀ ವೀಕ್ಷಣೆಯಿಂದ ಒಂದು ಆಳವಾದ ಚಿತ್ರ ಮಾಡಿ. ಅದರಲ್ಲಿ ಕಂಡ ಮೂಲಗಳನ್ನು ಪಟ್ಟಿ ಮಾಡಿ. ಆಮೇಲೆ ಡೇಟಾವನ್ನು ಸಣ್ಣ ಸಣ್ಣ ಕಾಲದ ತುಂಡು ಮಾಡಿ, ಪ್ರತಿ ತುಂಡಿನ ಚಿತ್ರದಲ್ಲಿ ಒಂದೊಂದು ಮೂಲದ ಪ್ರಖರತೆ ಅಳೆಯಿರಿ. ಒಂದು ನಕ್ಷತ್ರ ಏರಿತು ಅಂತ ಕಂಡ ಕೂಡಲೇ ಕುಣಿಯಬೇಡಿ. ಪಕ್ಕದ ಮೂಲಗಳನ್ನು ನೋಡಿ. ಎಲ್ಲವೂ ಒಟ್ಟಿಗೆ ಏರಿದ್ದರೆ ಅದು ಕ್ಯಾಲಿಬ್ರೇಶನ್ (ಉಪಕರಣದ ಅಳತೆ ಸರಿಹೊಂದಿಸುವುದು) ಅಥವಾ ಹವಾಮಾನದ ಆಟ. ಅದೊಂದೇ ಏರಿದ್ದರೆ ಎರಡೂ ವೃತ್ತೀಯ ಧ್ರುವೀಕರಣಗಳನ್ನು (ಅಲೆ ಎಡಕ್ಕೆ ತಿರುಗುವುದು, ಬಲಕ್ಕೆ ತಿರುಗುವುದು) ಬೇರೆ ಬೇರೆ ಮಾಡಿ ನೋಡಿ. ಒಂದರಲ್ಲೇ ಬಹುತೇಕ ಎಲ್ಲಾ ಬೆಳಕು ಇದ್ದರೆ ಅದು ಗೈರೊಸಿಂಕ್ರೊಟ್ರಾನ್ ಅಲ್ಲ, ಎಲೆಕ್ಟ್ರಾನ್‌ಗಳು ಒಂದೇ ತಾಳದಲ್ಲಿ ಅಲೆ ಹೊಮ್ಮಿಸುವ ಬೇರೆ ಬಗೆಯ (ಕೊಹೆರೆಂಟ್) ಸ್ಫೋಟ. ಇಷ್ಟು ಮಾಡಿ ಒಂದು ಚಿತ್ರ ಅರ್ಜಿಗೆ ಹಚ್ಚಿದರೆ ಸಾಕು. ಹತ್ತು ಸಾಲಿನ ಹೊಗಳಿಕೆಗಿಂತ ಅದು ಜಾಸ್ತಿ ಮಾತಾಡುತ್ತದೆ.

ಬಾಗಲಕೋಟೆಯಿಂದ

ನಾನು ಖಗೋಳದವಳಲ್ಲ, ರಸಾಯನಶಾಸ್ತ್ರದಲ್ಲಿ ಪೋಸ್ಟ್‌ಡಾಕ್ ಮಾಡಿದವಳು. ಮನೆಯ ಮಾತಿಗೆ ಉತ್ತರ ಕೊಡುತ್ತೇನೆ. ಇದು ಓದು ಅಲ್ಲ, ಸಂಬಳ ಬರುವ ಕೆಲಸ ಅಂತ ಮೊದಲು ಹೇಳಿ. ನಮ್ಮ ಮನೆಯಲ್ಲಿ ಸಂಬಳದ ಪತ್ರ ಕೈಗೆ ಕೊಟ್ಟ ಮೇಲೆಯೇ ಮಾತು ಬದಲಾಯಿತು. ಯಾವ ನಕ್ಷತ್ರ ಅಂತ ಕೇಳಿದರೆ ಓರಿಯನ್ ಅಂದರೆ ಮೃಗಶಿರ, ಆರಿದ್ರಾ ಇರುವ ಜಾಗ ಅನ್ನಿ. ನಮ್ಮ ಕಡೆ ಮಿರಗ ಮಳೆ ಗೊತ್ತಿಲ್ಲದ ಮನೆ ಯಾವುದಿದೆ?

ಇಲ್ಲಿನ ಕೆಲಸದ ಲೆಕ್ಕ ಎರಡು ಥರ. ಯುಜಿಸಿಯ 2018ರ ನಿಯಮದಂತೆ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಶಾರ್ಟ್‌ಲಿಸ್ಟ್ ಮಾಡುವಾಗ ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2 ಅಂಕ, ಗರಿಷ್ಠ 10. ಸರ್ಕಾರಿ ಪದವಿ ಕಾಲೇಜಿಗೆ ಮಾತ್ರ ಪರೀಕ್ಷೆಯೇ ಪರೀಕ್ಷೆ. ಆ ದಾರಿ ಬೇಕಿದ್ದರೆ ಕೆ-ಸೆಟ್ (ರಾಜ್ಯದ ಪ್ರಾಧ್ಯಾಪಕ ಅರ್ಹತಾ ಪರೀಕ್ಷೆ) ಈಗಲೇ ಮುಗಿಸಿಕೊಂಡು ಹೋಗಿ. ಅಲ್ಲಿಂದ ಪರೀಕ್ಷೆಗೆ ಓಡಿ ಬರುವುದು ಬಹಳ ಕಷ್ಟ.

ಪುಣೆಯಲ್ಲಿರುವ ಅಥಣಿಯವನು

ಮೇಲಿನವರು ಹೇಳಿದ್ದು ಸರಿ. ನಾನು ಇನ್ನೊಂದು ಬಾಗಿಲು ತೋರಿಸುತ್ತೇನೆ. ಯುರೋಪ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇದೆ. 45 ಮೀಟರ್ ಅಗಲದ 30 ಡಿಶ್‌ಗಳು. ವರ್ಷಕ್ಕೆ ಎರಡು ಸಲ ವೀಕ್ಷಣೆಗೆ ಪ್ರಸ್ತಾವ ಕರೆಯುತ್ತಾರೆ. ಯಾವ ಕಾಲೇಜಿನವರಾದರೂ ಹಾಕಬಹುದು, ಅತಿಥಿ ಉಪನ್ಯಾಸಕಿ ಅಂತ ಹಿಂಜರಿಯಬೇಡಿ.

ಒಂದು ಎಚ್ಚರಿಕೆ. ಜಿಎಂಆರ್‌ಟಿಗೆ ಓರಿಯನ್ ನೆಬ್ಯುಲಾ ಕೇಳಬೇಡಿ. ಅಲ್ಲಿನ ಬಿಸಿ ಅಯಾನು ಅನಿಲ ಕಡಿಮೆ ಆವರ್ತನದ ರೇಡಿಯೊವನ್ನು ನುಂಗಿಬಿಡುತ್ತದೆ, ಒಳಗಿನ ನಕ್ಷತ್ರಗಳು ಕಾಣುವುದೇ ಇಲ್ಲ. ವೃಷಭ ರಾಶಿಯ ಎಳೆಯ ನಕ್ಷತ್ರಗಳ ಕಡೆ ಹೋಗಿ. ಸುಮಾರು 450 ಜ್ಯೋತಿರ್ವರ್ಷ ಅಷ್ಟೇ, ಓರಿಯನ್ ದೂರದ ಮೂರನೇ ಒಂದು ಭಾಗ. ಅದೇ ಕಡೆ, ಇನ್ನೂ ಸ್ವಲ್ಪ ದೂರದಲ್ಲಿ, ಡಿಕ್ಯೂ ಟಾವ್ ಅಂತ ಒಂದು ಜೋಡಿ ಇದೆ. ಎರಡು ಎಳೆಯ ನಕ್ಷತ್ರಗಳು ಉದ್ದುದ್ದ ಕಕ್ಷೆಯಲ್ಲಿ 15.8 ದಿನಕ್ಕೊಮ್ಮೆ ಹತ್ತಿರ ಬರುತ್ತವೆ. ಆಗ ಎರಡರ ಕಾಂತಕ್ಷೇತ್ರಗಳೂ ತಾಗಿ ಮಿಲಿಮೀಟರ್ ಅಲೆಯಲ್ಲಿ ಫ್ಲೇರ್ ಕಂಡಿದೆ. ಫ್ಲೇರ್ ಯಾವಾಗ ಬರುತ್ತೆ ಅಂತ ಮೊದಲೇ ಅಂದಾಜು ಮಾಡಬಹುದಾದ ನಕ್ಷತ್ರಗಳು ಬಹಳ ಕಡಿಮೆ. ಪ್ರಸ್ತಾವಕ್ಕೆ ಇಂಥದ್ದೇ ಬೇಕು. ಕಡಿಮೆ ಆವರ್ತನದಲ್ಲಿ ಅದೇ ಹೊತ್ತಿಗೆ ಏನಾದರೂ ಬರುತ್ತಾ ಅನ್ನುವುದು ಒಳ್ಳೆಯ ಪ್ರಶ್ನೆ. ಏನೂ ಕಾಣದಿದ್ದರೂ, ಇದಕ್ಕಿಂತ ಪ್ರಖರ ಅಲ್ಲ ಅನ್ನುವ ಮಿತಿ ಅಂತ ಪ್ರಕಟಿಸಬಹುದು.

ಪುಣೆಗೆ ವಿಜಯಪುರದಿಂದ ಸೋಲಾಪುರದ ಮೇಲೆ ರಾತ್ರಿ ಬಸ್ ಇದೆ. ಸುಮ್ನೆ ಒಮ್ಮೆ ಬಂದು ಯಾರನ್ನಾದರೂ ಭೇಟಿ ಮಾಡಿ. ಇಮೇಲ್‌ನಲ್ಲಿ ತಿಂಗಳುಗಟ್ಟಲೆ ಎಳೆಯುವ ಮಾತು ಎದುರು ಕೂತರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೇಂದ್ರದ ಸಂಶೋಧನಾ ನಿಧಿ ಸಂಸ್ಥೆ ಎಎನ್‌ಆರ್‌ಎಫ್ ಈಗ ಕೊಡುವ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್‌ಗೂ ಮಾರ್ಗದರ್ಶಕರ ಒಪ್ಪಿಗೆ ಬೇಕೇ ಬೇಕು.

ವಿಜಯಪುರದಿಂದ, ಮತ್ತೆ

ತುಂಬಾ ಧೈರ್ಯ ಬಂತು. ಡಿಕ್ಯೂ ಟಾವ್ ಬಗ್ಗೆ ಇವತ್ತೇ ಓದಲು ಶುರು ಮಾಡುತ್ತೇನೆ. ಒಂದೇ ಸಂಶಯ. ಯುರೋಪಿನ ಆ ಸಂಸ್ಥೆಯ ಪ್ರಾಧ್ಯಾಪಕರಿಗೆ ಮೊದಲೇ ಬರೆದು ಪ್ರಶ್ನೆ ಕೇಳಬಹುದಾ? ತಪ್ಪು ತಿಳಿಯುತ್ತಾರಾ?

ಬೆಳಗಾವಿಯಿಂದ

ಕೇಳಲೇಬೇಕು. ಎರಡು ವರ್ಷದ ನಂತರ ಮುಂದುವರಿಸುವ ಅವಕಾಶ ಇದೆಯಾ? ಸ್ವಂತ ಪ್ರಸ್ತಾವ ಹಾಕಲು ಸಮಯ ಕೊಡುತ್ತಾರಾ? ಡೇಟಾ ಈಗಾಗಲೇ ಕೈಯಲ್ಲಿದೆಯಾ, ಇನ್ನೂ ಬರಬೇಕಾ? ಕೊನೆಯದು ಬಹಳ ಮುಖ್ಯ, ಏಕೆಂದರೆ ದೂರದರ್ಶಕದ ಸಮಯ ಸಿಗದೆ ಒಂದು ವರ್ಷ ಹಾಗೇ ಹೋದವರನ್ನು ಕಂಡಿದ್ದೇನೆ. ಅಲ್ಲಿ ಮೊದಲು ಇದ್ದ ಪೋಸ್ಟ್‌ಡಾಕ್‌ಗಳಿಗೂ ಬರೆಯಿರಿ. ಅವರು ಈಗ ಎಲ್ಲಿದ್ದಾರೆ ಅನ್ನುವುದರಲ್ಲೇ ಗುಂಪು ಹೇಗಿದೆ ಅಂತ ತಿಳಿಯುತ್ತದೆ.

ಶಿಫಾರಸು ಪತ್ರ ಬರೆಯುವವರಿಗೆ ಇವತ್ತೇ ಹೇಳಿ, ಜೊತೆಗೆ ಆ ಲೈಟ್ ಕರ್ವ್ ಕಳಿಸಿ. ಪತ್ರದಲ್ಲಿ ಅದರ ಬಗ್ಗೆ ಬರೆಯಲು ಅವರಿಗೂ ಏನಾದರೂ ಸಿಗಬೇಕಲ್ವಾ. ಇನ್ನೊಂದು: ಖಗೋಳದಲ್ಲಿ ಬಹಳಷ್ಟು ಪೋಸ್ಟ್‌ಡಾಕ್ ಅರ್ಜಿಗಳ ಕೊನೆ ದಿನ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಬರುತ್ತದೆ. ಫೆಬ್ರವರಿ 15ಕ್ಕೆ ಮೊದಲು ಉತ್ತರ ಕೊಡಲು ಒತ್ತಾಯಿಸಬಾರದು ಅನ್ನುವ ಒಪ್ಪಂದವನ್ನು ಅನೇಕ ಸಂಸ್ಥೆಗಳು ಪಾಲಿಸುತ್ತವೆ. ಬೇಗ ಆಫರ್ ಬಂದರೆ ಗಾಬರಿಯಾಗಿ ಹೂಂ ಅನ್ನಬೇಡಿ, ಆ ದಿನದವರೆಗೆ ಸಮಯ ಕೇಳಿ. ಲೈಟ್ ಕರ್ವ್ ಮಾಡುವಾಗ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.